ಹಳೇ ಕಾರಿನ ಇಂಜಿನ್ ಕೆಲಸ ಆದ ಮೇಲೆ ಗೇರ್‌ಬಾಕ್ಸ್ ಜೋಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಸಂಡೂರು, ಸಿರುಗುಪ್ಪ, ಗಂಗಾವತಿ ಕಡೆ ಈಗಲೂ ಸಾಕಷ್ಟು ಮನೆಗಳ ಶೆಡ್ಡಿನಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಳೇ ಮಹೀಂದ್ರ ಜೀಪು ನಿಂತಿವೆ. ತಾತನ ಕಾಲದ ಗಾಡಿ ಮತ್ತೆ ರಸ್ತೆಗೆ ಬರಲಿ ಅಂತ ಜನ ಆಸೆಪಟ್ಟು ಇಂಜಿನ್ ಕೆಲಸ ಮಾಡಿಸುತ್ತಾರೆ. ಇಂಜಿನ್ ಕೆಲಸ ಚೆನ್ನಾಗಿಯೇ ಆಗಿರುತ್ತದೆ. ಗೇರ್‌ಬಾಕ್ಸ್ ಕೂರಿಸಿದ ಮೇಲೆ ತೊಂದರೆ ಶುರುವಾಗುತ್ತದೆ. ಗೇರ್ ಬೀಳುವುದಿಲ್ಲ, ಬಿದ್ದರೆ ನಿಲ್ಲುವುದಿಲ್ಲ, ಕ್ಲಚ್ ಬಿಟ್ಟರೆ ಗಾಡಿ ನಡುಗುತ್ತದೆ.

ಕಾರಣ ಸಾಮಾನ್ಯವಾಗಿ ಒಂದೇ. ನಮ್ಮಲ್ಲಿ ಬೋರಿಂಗ್, ಅಂದರೆ ಇಂಜಿನ್ನಿನ ಸಿಲಿಂಡರ್ ಕಡೆಯುವ ಕೆಲಸ, ಒಂದು ಕಡೆ, ಗೇರ್‌ಬಾಕ್ಸ್ ಇನ್ನೊಂದು ಕಡೆ ಆಗುತ್ತದೆ. ಫ್ಲೈವೀಲಿನಿಂದ (ಇಂಜಿನ್ನಿನ ಹಿಂದೆ ತಿರುಗುವ ಭಾರದ ಚಕ್ರ) ಗೇರ್‌ಬಾಕ್ಸಿನ ಮುಂದಿನ ಬೇರಿಂಗಿನವರೆಗಿನ ಗೇಣು ಜಾಗ ಇಬ್ಬರು ಮೇಸ್ತ್ರಿಗಳ ಲೆಕ್ಕಕ್ಕೂ ಬರುವುದಿಲ್ಲ. ಇಲ್ಲಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಆ ಗೇಣು ಜಾಗದ್ದೇ.

ಇಂಜಿನ್ ಪೂರ್ತಿ ಹೊಸದಾಗಿದೆ. ಹಳೇ ಗೇರ್‌ಬಾಕ್ಸ್ ಇದ್ದ ಹಾಗೇ ಹಾಕಬಹುದಾ?

ಹಾಕಬಹುದು, ಆದರೆ ನೋಡಿದ ಮೇಲೆ. ಸವೆದ ಇಂಜಿನ್ ಇದ್ದಾಗ ಗೇರ್‌ಬಾಕ್ಸಿನ ಮೇಲೆ ಪೂರ್ತಿ ಎಳೆತ ಬೀಳುತ್ತಿರಲಿಲ್ಲ. ಈಗ ಬೀಳುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ಬೇರಿಂಗು ಆಗ ಕೂಗಲು ಶುರು ಮಾಡುತ್ತದೆ.

ಮೊದಲು ಆಯಿಲ್ ಇಳಿಸಿ, ಬಿಳೀ ತಟ್ಟೆಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿ ನೋಡಿ. ನುಣ್ಣನೆಯ ಹಳದಿ ಮಿನುಗು ಕಂಡರೆ ಅದು ಗೇರ್ ಕರಕರ ಅನ್ನದೆ ಬೀಳಲು ವೇಗ ಹೊಂದಿಸುವ ಸಿಂಕ್ರೋ ರಿಂಗಿನ ಹಿತ್ತಾಳೆ. ಹಳೇ ಗಾಡಿಗೆ ಸ್ವಲ್ಪ ಇದ್ದರೆ ಗಾಬರಿ ಬೇಡ. ಅದೇ ಆಯಿಲಿನಲ್ಲಿ ಮ್ಯಾಗ್ನೆಟ್ ಆಡಿಸಿ. ಉಕ್ಕಿನ ಚೂರು, ಪದರ ಹತ್ತಿಕೊಂಡರೆ ಬಾಕ್ಸ್ ಬಿಚ್ಚಲೇಬೇಕು, ಬೇರೆ ದಾರಿ ಇಲ್ಲ.

ಆಮೇಲೆ ಮುಂದಿನ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಸಣ್ಣ ಆಟ ಇದ್ದೇ ಇರುತ್ತದೆ, ಏಕೆಂದರೆ ಅದರ ಮೂತಿಯನ್ನು ಹಿಡಿಯಬೇಕಾದ ಪೈಲಟ್ ಬುಷ್ ಇಂಜಿನ್ನಿನಲ್ಲಿದೆ. ಕೈಯಿಂದ ತಿರುಗಿಸಿದಾಗ ಗರಗರ ಅಂದರೆ ಮಾತ್ರ ಬೇರಿಂಗ್ ಬದಲಿಸಿ. ಇಂಜಿನ್ ಕೆಳಗಿರುವಾಗಲೇ ಇದನ್ನು ಮಾಡಿಸಿಬಿಡಿ.

ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕಿದ್ದೇವೆ. ಪವರ್ ಜಾಸ್ತಿಯಾಗಿ ಗೇರ್‌ಬಾಕ್ಸ್ ಒಡೆಯುತ್ತಾ?

ಒಡೆಯುವುದಿಲ್ಲ. ಅಂಬಾಸಿಡರಿನ ಹಳೇ ಪೆಟ್ರೋಲ್ ಇಂಜಿನ್ 1489 ಸಿಸಿ, ಬೋರ್ ಸುಮಾರು 73 ಮಿ.ಮೀ. 40 ಥೌ ಓವರ್‌ಸೈಜ್, ಅಂದರೆ ಸುಮಾರು 1 ಮಿ.ಮೀ ದೊಡ್ಡ ಪಿಸ್ಟನ್ ಹಾಕಿದರೂ ಅದು 1530 ಸಿಸಿ ಆಸುಪಾಸಿಗೆ ಬರುತ್ತದೆ. ಹೆಚ್ಚಾಗುವುದು ನೂರಕ್ಕೆ ಮೂರು ಪಾಲು ಅಷ್ಟೇ. ಗೇರ್‌ಬಾಕ್ಸ್ ಒಡೆಯುವುದು ಸಿಸಿಯಿಂದ ಅಲ್ಲ, ಸೆಂಟರ್ ತಪ್ಪಿ ಜೋಡಿಸಿದ್ದರಿಂದ.

ಬೋರಿಂಗ್ ಅಂಗಡಿಗೆ ಇಂಜಿನ್ ಕೊಡುವಾಗ ಜೊತೆಗೆ ಏನೇನು ಕೊಡಬೇಕು?

ಬ್ಲಾಕ್ ಮತ್ತು ಕ್ರ್ಯಾಂಕ್ ಮಾತ್ರ ಕೊಟ್ಟು ಬರುವವರೇ ಜಾಸ್ತಿ. ಫ್ಲೈವೀಲು, ಪ್ರೆಷರ್ ಪ್ಲೇಟು (ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿಹಿಡಿಯುವುದು), ಮುಂದಿನ ಪುಲ್ಲಿ, ಇವನ್ನೂ ಕೊಡಿ. ಕ್ರ್ಯಾಂಕ್ ಬ್ಯಾಲೆನ್ಸ್ ಮಾಡಿಸುವುದಾದರೆ ಎಲ್ಲವನ್ನೂ ಒಟ್ಟಿಗೆ ಕೂರಿಸಿಯೇ ಮಾಡಿಸಬೇಕು. ಒಂದಕ್ಕೊಂದು ಎಲ್ಲಿ ಕೂತಿದ್ದವು ಅಂತ ಬಿಚ್ಚುವ ಮೊದಲೇ ಪಂಚ್ ಗುರುತು ಹಾಕಿ. ಪೇಂಟಿನ ಗುರುತು ಸೀಮೆಎಣ್ಣೆಯಲ್ಲಿ ತೊಳೆದ ಕೂಡಲೇ ಹೋಗುತ್ತದೆ.

ಫ್ಲೈವೀಲಿನ ಮುಖದಲ್ಲಿ ನೀಲಿ ಕಲೆ, ಕೂದಲೆಳೆಯಂಥ ಬಿರುಕು, ಆಳವಾದ ಗೆರೆ ಇದ್ದರೆ ಗ್ರೈಂಡ್ ಮಾಡಿಸಿ. ಮುಖಕ್ಕೂ ಪ್ರೆಷರ್ ಪ್ಲೇಟ್ ಕೂರುವ ಅಂಚಿಗೂ ಮಟ್ಟದಲ್ಲಿ ವ್ಯತ್ಯಾಸ ಇರುವ ಫ್ಲೈವೀಲುಗಳಿವೆ. ಅಂಥದ್ದರಲ್ಲಿ ಮುಖವನ್ನಷ್ಟೇ ತೆಗೆದರೆ ಕ್ಲಚ್ ಪ್ಲೇಟಿನ ಮೇಲೆ ಒತ್ತಡ ಕಡಿಮೆಯಾಗಿ ಕ್ಲಚ್ ಜಾರುತ್ತದೆ. ಎರಡನ್ನೂ ಸಮವಾಗಿ ತೆಗೆಯಬೇಕು ಅಂತ ಚೀಟಿಯಲ್ಲಿ ಬರೆದುಕೊಡಿ. ಬಾಯಿಮಾತಿನಲ್ಲಿ ಹೇಳಿದ್ದು ಸಂಜೆಯ ಹೊತ್ತಿಗೆ ಮರೆತುಹೋಗಿರುತ್ತದೆ.

ಫ್ಲೈವೀಲಿನ ಸುತ್ತ ಇರುವ ರಿಂಗ್ ಗೇರಿನ ಹಲ್ಲು ಒಂದೇ ಜಾಗದಲ್ಲಿ ಸವೆದಿದ್ದರೆ ಈಗಲೇ ಬದಲಿಸಿ. ಸೆಲ್ಫ್ ಮೋಟರ್ ಹಲ್ಲು ತಪ್ಪಿ ಕೂಗುವ ಗಾಡಿಗೆ ಮತ್ತೆ ಗೇರ್‌ಬಾಕ್ಸ್ ಇಳಿಸುವ ಪಾಡು ಯಾರಿಗೂ ಬೇಡ.

ಫ್ಲೈವೀಲ್ ಹಗುರ ಮಾಡಿಸಿದರೆ ಪಿಕಪ್ ಬರುತ್ತೆ ಅಂತ ಕೆಲವರು ಹೇಳುತ್ತಾರೆ. ಈ ಹಳೇ ಇಂಜಿನ್ನುಗಳಿಗೆ ಬೇಡವೇ ಬೇಡ. ಕಡಿಮೆ ಆರ್‌ಪಿಎಮ್‌ನಲ್ಲಿ ನಿಧಾನವಾಗಿ ಎಳೆಯುವುದು ಅವುಗಳ ಗುಣ. ಆ ತೂಕ ಇದ್ದರೇ ಸಂಡೂರಿನ ಏರಿನಲ್ಲಿ ಗಾಡಿ ಆಫ್ ಆಗದೆ ಹತ್ತುತ್ತದೆ.

ಪೈಲಟ್ ಬುಷ್ ಬದಲಿಸಲೇಬೇಕಾ? ಹಳೇದು ಬರುತ್ತಲೇ ಇಲ್ಲ.

ಬದಲಿಸಲೇಬೇಕು. ಇದು ಹೆಬ್ಬೆರಳಿನ ಗಾತ್ರದ ಸಣ್ಣ ಸಾಮಾನು, ಕ್ರ್ಯಾಂಕಿನ ಹಿಂಬದಿಯ ತೂತಿನಲ್ಲಿ ಕೂತಿರುತ್ತದೆ. ಗೇರ್‌ಬಾಕ್ಸಿನ ಮುಂದಿನ ಶಾಫ್ಟಿನ ತುದಿಯನ್ನು ಹಿಡಿದುಕೊಳ್ಳುವುದು ಇದೇ. ಇದು ಸವೆದರೆ ಶಾಫ್ಟ್ ಒಲೆದಾಡುತ್ತದೆ, ಕ್ಲಚ್ ತುಳಿದರೂ ಗೇರ್ ಕರಕರ ಅನ್ನುತ್ತದೆ.

ಚಾಣದಿಂದ ಕೆತ್ತಿ ತೆಗೆಯಲು ಹೋಗಬೇಡಿ, ಕ್ರ್ಯಾಂಕಿನ ತೂತಿಗೆ ಗೆರೆ ಬೀಳುತ್ತದೆ. ಬುಷ್ಷಿನ ಹಿಂದಿನ ಜಾಗ ತುಂಬುವ ಹಾಗೆ ಬೆರಳಿನಿಂದ ಗ್ರೀಸ್ ತುಂಬಿ. ಬುಷ್ಷಿನ ಒಳ ಅಳತೆಗೆ ಬಿಗಿಯಾಗಿ ಹೋಗುವ ಒಂದು ಉಕ್ಕಿನ ಕಡ್ಡಿ ತೆಗೆದುಕೊಳ್ಳಿ. ಹಳೇ ಗೇರ್‌ಬಾಕ್ಸ್ ಶಾಫ್ಟಿನ ತುಂಡು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಅದನ್ನಿಟ್ಟು ಸುತ್ತಿಗೆಯಿಂದ ಹೊಡೆಯಿರಿ. ಗ್ರೀಸಿಗೆ ಹೋಗಲು ಬೇರೆ ದಾರಿ ಇಲ್ಲ, ಹಿಂದಿನಿಂದ ಬುಷ್ಷನ್ನೇ ತಳ್ಳಿಕೊಂಡು ಬರುತ್ತದೆ. ನಡುನಡುವೆ ಇನ್ನಷ್ಟು ಗ್ರೀಸ್ ತುಂಬಬೇಕು. ಬುಷ್ ಬಂದ ಮೇಲೆ ಒಂದು ಚೂರು ಗ್ರೀಸೂ ಉಳಿಯದ ಹಾಗೆ ಒರೆಸಿ, ಇಲ್ಲದಿದ್ದರೆ ಅದು ಕ್ಲಚ್ ಪ್ಲೇಟಿಗೆ ಸಿಡಿಯುತ್ತದೆ.

ಹೊಸ ಬುಷ್ ಎಣ್ಣೆ ಹೀರುವ ಕಂಚಿನದ್ದಾದರೆ ಹಿಂದಿನ ರಾತ್ರಿಯೇ ಇಂಜಿನ್ ಆಯಿಲಿನಲ್ಲಿ ನೆನೆಹಾಕಿ. ಒಣ ಬುಷ್ ಕೂರಿಸಿದರೆ ಬೇಗ ಸವೆಯುತ್ತದೆ.

ಬೆಲ್ ಹೌಸಿಂಗ್ ಡಯಲ್ ಹಾಕಿ ನೋಡುವುದು ಅಂದರೇನು? ಅಷ್ಟೊಂದು ಬೇಕಾ?

ಬೇಕು. ಇಡೀ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತಿದ್ದರೆ ಇದನ್ನೇ ಓದಿ.

ಕ್ರ್ಯಾಂಕ್ ತಿರುಗುವ ಗೆರೆ, ಗೇರ್‌ಬಾಕ್ಸ್ ಶಾಫ್ಟ್ ತಿರುಗುವ ಗೆರೆ, ಎರಡೂ ಒಂದೇ ಆಗಿರಬೇಕು. ಎರಡನ್ನೂ ಒಂದೇ ಗೆರೆಗೆ ತರುವುದು ಕ್ಲಚ್ ಸುತ್ತ ಕೂರುವ ಗಂಟೆಯಾಕಾರದ ಕವಚವಾದ ಬೆಲ್ ಹೌಸಿಂಗು ಮತ್ತು ಅದರ ಜಾಗ ಹಿಡಿಯುವ ಡೋವೆಲ್ ಪಿನ್ನುಗಳು. ಬೋಲ್ಟುಗಳ ಕೆಲಸ ಬಿಗಿಯುವುದು ಮಾತ್ರ. ಬೋಲ್ಟಿನ ತೂತು ಬೋಲ್ಟಿಗಿಂತ ದೊಡ್ಡದಿರುತ್ತದೆ, ಅದು ಸೆಂಟರ್ ಹಿಡಿಯಲಾರದು.

ಹೊಸಪೇಟೆ, ಬಳ್ಳಾರಿ ಗುಜರಿಯಲ್ಲಿ ಸಿಕ್ಕ ಬೇರೆ ಗಾಡಿಯ ಹೌಸಿಂಗ್ ತಂದಾಗ, ಡೋವೆಲ್ ಪಿನ್ ಕಳೆದುಹೋದಾಗ, ಇಂಜಿನ್ನಿಗೂ ಬಾಕ್ಸಿಗೂ ನಡುವೆ ಅಡಾಪ್ಟರ್ ಪ್ಲೇಟ್ ಮಾಡಿಸಿದಾಗ ಇದನ್ನು ನೋಡಲೇಬೇಕು. ಜೀಪಿನ ಹಾಗೆ ಹೌಸಿಂಗ್ ಬೇರೆಯಾಗಿ ಬಿಚ್ಚಿಬರುವ ಗಾಡಿಯಲ್ಲಿ ನೋಡುವುದು ಸುಲಭ. ಹೌಸಿಂಗನ್ನು ಇಂಜಿನ್ನಿಗೆ ಕೂರಿಸಿ ಬೋಲ್ಟ್ ಬಿಗಿಯಿರಿ. ಡಯಲ್ ಗೇಜಿನ (ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಮ್ಯಾಗ್ನೆಟ್ ಬೇಸನ್ನು ಫ್ಲೈವೀಲಿಗೆ ಅಂಟಿಸಿ. ಗೇಜಿನ ಮೂತಿ ಹೌಸಿಂಗಿನ ಹಿಂದಿನ ದೊಡ್ಡ ತೂತಿನ ಒಳ ಅಂಚಿಗೆ ತಾಗಬೇಕು. ಸ್ಪಾರ್ಕ್ ಪ್ಲಗ್ ತೆಗೆದುಬಿಟ್ಟರೆ ಕ್ರ್ಯಾಂಕ್ ಕೈಯಲ್ಲೇ ತಿರುಗುತ್ತದೆ. ಮೇಲೆ, ಬಲಕ್ಕೆ, ಕೆಳಗೆ, ಎಡಕ್ಕೆ, ನಾಲ್ಕೂ ಕಡೆ ಮುಳ್ಳು ಎಲ್ಲಿ ನಿಂತಿತು ಅಂತ ಬರೆದುಕೊಳ್ಳಿ.

ಮುಳ್ಳಿನ ಒಟ್ಟು ಓಡಾಟ 0.13 ಮಿ.ಮೀ, ಲೇತಿನವರ ಲೆಕ್ಕದಲ್ಲಿ ಐದು ಥೌ, ಅದರೊಳಗಿದ್ದರೆ ಒಳ್ಳೆಯದು. ಮುಳ್ಳು 0.30 ಓಡಾಡಿತು ಅನ್ನಿ. ಆಗ ಸೆಂಟರ್ ತಪ್ಪಿರುವುದು ಅದರ ಅರ್ಧ, 0.15 ಮಿ.ಮೀ. ಈ ಅರ್ಧದ ಲೆಕ್ಕ ಮರೆತು ಪೂರ್ತಿ 0.30 ಸರಿಸಿದರೆ ಆ ಕಡೆಗೆ ಅಷ್ಟೇ ತಪ್ಪುತ್ತದೆ. ಸರಿಪಡಿಸಲು ಹಳೇ ಡೋವೆಲ್ ತೆಗೆದು, ಹೌಸಿಂಗನ್ನು ಗೇಜ್ ನೋಡುತ್ತಾ ಜಾಗಕ್ಕೆ ತಂದು ಬಿಗಿದು, ಹೊಸ ಅಳತೆಗೆ ತೂತು ರೀಮ್ ಮಾಡಿ ಹೊಸ ಡೋವೆಲ್ ಹಾಕಿಸಬೇಕು. ಸೆಂಟರ್ ತಪ್ಪಿಸಿ ಕಡೆದ ಡೋವೆಲ್ ಪಿನ್ನನ್ನೂ ಲೇತಿನಲ್ಲಿ ಮಾಡಿಸಬಹುದು.

ಇದಾದ ಮೇಲೆ ಗೇಜಿನ ಮೂತಿಯನ್ನು ಹೌಸಿಂಗಿನ ಹಿಂದಿನ ಮುಖಕ್ಕೆ ಇಟ್ಟು ಮತ್ತೆ ಒಂದು ಸುತ್ತು ತಿರುಗಿಸಿ. ಮುಖ ವಾಲಿದ್ದರೂ ಗೇರ್‌ಬಾಕ್ಸ್ ಓರೆ ಕೂರುತ್ತದೆ. ತುಂಬಾ ಸಲ ವಾಲಿರುವುದಿಲ್ಲ. ಹೌಸಿಂಗಿಗೂ ಬ್ಲಾಕಿಗೂ ನಡುವೆ ಹಳೇ ಪೇಂಟು, ತುಕ್ಕು, ಒಂದು ಚೂರು ಗ್ಯಾಸ್ಕೆಟ್ ಸಿಕ್ಕಿಕೊಂಡಿರುತ್ತದೆ. ಅದನ್ನು ಕೆರೆದು ಮತ್ತೆ ನೋಡಿ.

ಹೌಸಿಂಗ್ ಗೇರ್‌ಬಾಕ್ಸಿನ ಜೊತೆಗೇ ಒಂದೇ ಎರಕವಾಗಿದ್ದರೆ ಹೀಗೆ ನೋಡಲು ಬರುವುದಿಲ್ಲ. ಅಲ್ಲಿ ಡೋವೆಲ್ ಮತ್ತು ಅದರ ತೂತು ಬಿಗಿಯಾಗಿವೆಯಾ, ನಡುವಿನ ಪ್ಲೇಟು ಬಾಗಿಲ್ಲವಾ ಅಂತ ನೋಡಿಕೊಳ್ಳಿ.

ಸೆಂಟರ್ ತಪ್ಪಿದ ಗಾಡಿಯ ಲಕ್ಷಣ ಗೊತ್ತಿರಲಿ. ಟಾಪ್ ಗೇರ್ ತಾನಾಗಿಯೇ ಹೊರಬರುತ್ತದೆ, ಪೈಲಟ್ ಬುಷ್ ಒಂದೇ ಬದಿಗೆ ಸವೆಯುತ್ತದೆ, ಕ್ಲಚ್ ಪ್ಲೇಟಿನ ನಡುಭಾಗ ಬಿರುಕು ಬಿಡುತ್ತದೆ. ಜನ ಗೇರ್‌ಬಾಕ್ಸನ್ನೇ ಬೈದು ಇನ್ನೊಂದು ತಂದು ಹಾಕುತ್ತಾರೆ. ಅದೂ ಹಾಗೇ ಮಾಡುತ್ತದೆ.

ಕ್ಲಚ್ ಪ್ಲೇಟು ಯಾವ ಗಾಡಿಯದ್ದು ತರಬೇಕು?

ಹೊರಗಿನ ಅಳತೆ ಫ್ಲೈವೀಲಿಗೆ, ಒಳಗಿನ ಹಲ್ಲು ಗೇರ್‌ಬಾಕ್ಸ್ ಶಾಫ್ಟಿಗೆ ಹೊಂದಬೇಕು. ಅಂಗಡಿಗೆ ಹೋಗುವಾಗ ಹಳೇ ಪ್ಲೇಟು ತೆಗೆದುಕೊಂಡು ಹೋಗಿ. ಹಲ್ಲಿನ ಎಣಿಕೆ ಒಂದೇ ಇದ್ದರೂ ಶಾಫ್ಟಿನ ದಪ್ಪ ಬೇರೆ ಇರಬಹುದು, ಆದ್ದರಿಂದ ತಂದ ಮೇಲೆ ಶಾಫ್ಟಿನ ಮೇಲೆ ಜಾರಿಸಿ ನೋಡಿ. ಪೂರ್ತಿ ಉದ್ದಕ್ಕೂ ತಡೆಯಿಲ್ಲದೆ ಜಾರಬೇಕು, ತಿರುಗಿಸಿದರೆ ಆಟ ಇರಬಾರದು.

ಪ್ಲೇಟಿಗೆ ಮುಂದೆ ಹಿಂದೆ ಇದೆ. ತಿರುಗಿಸಿ ಹಾಕಿದರೆ ಅದರ ನಡುಭಾಗ ಫ್ಲೈವೀಲ್ ಬೋಲ್ಟಿಗೆ ಉಜ್ಜುತ್ತದೆ. ಸೆಂಟರ್ ಮಾಡಲು ಹಳೇ ಶಾಫ್ಟ್ ಇಲ್ಲದಿದ್ದರೆ ಬಡಗಿಯ ಹತ್ತಿರ ಅಳತೆಗೆ ಒಂದು ಮರದ ಗೂಟ ಕಡೆಸಿಕೊಳ್ಳಿ, ಸಾಕು.

ಇನ್ನೊಂದು ಮುಖ್ಯ. ಗೇರ್‌ಬಾಕ್ಸ್ ಕೂರಿಸುವಾಗ ಅದರ ಭಾರವನ್ನು ಕ್ಲಚ್ ಪ್ಲೇಟಿನ ಮೇಲೆ ಜೋತುಬಿಡಬೇಡಿ. ಒಬ್ಬರು ಬೋಲ್ಟ್ ಹಿಡಿಯಲಿ, ಜ್ಯಾಕ್ ಭಾರ ಹೊರಲಿ. ಜೋತುಬಿದ್ದ ಒಂದೇ ನಿಮಿಷದಲ್ಲಿ ಪ್ಲೇಟಿನ ನಡುಭಾಗ ಸೊಟ್ಟಗಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕೊನೆಯ ಅರ್ಧ ಇಂಚನ್ನು ಬೋಲ್ಟ್ ಬಿಗಿದು ಎಳೆದುಕೊಳ್ಳುವುದೂ ತಪ್ಪು. ಎಲ್ಲ ಸರಿ ಇದ್ದರೆ ಕೈಯಿಂದ ತಳ್ಳಿದರೇ ಒಳಗೆ ಕೂರುತ್ತದೆ. ಕೂರದಿದ್ದರೆ ಹೊರಗೆ ತೆಗೆದು ಕಾರಣ ಹುಡುಕಿ.

ಹಳೇ ಅಂಬಾಸಿಡರಿಗೆ ಐಸುಜು ಇಂಜಿನ್, 5 ಗೇರ್ ಹಾಕಿಸಬೇಕು ಅಂತಿದ್ದೇನೆ. ಇಂಜಿನ್ ಮಾತ್ರ ಸಿಕ್ಕಿದೆ.

ಇಂಜಿನ್ ಮಾತ್ರ ತೆಗೆದುಕೊಳ್ಳಬೇಡಿ. 1990ರ ದಶಕದಲ್ಲಿ 1.8 ಲೀಟರ್ ಐಸುಜು ಬಂದಾಗ ಅಂಬಾಸಿಡರ್ ಕಂಪನಿ ಅದಕ್ಕೆ ತಕ್ಕ 5 ಗೇರಿನ ಬಾಕ್ಸನ್ನೂ ಕೊಟ್ಟಿತು. ಇಂಜಿನ್, ಫ್ಲೈವೀಲ್, ಕ್ಲಚ್, ಗೇರ್‌ಬಾಕ್ಸ್ ನಾಲ್ಕೂ ಒಂದೇ ಗಾಡಿಯಿಂದ ಸೆಟ್ ಆಗಿ ಸಿಕ್ಕರೆ ಕೆಲಸ ಅರ್ಧ ಮುಗಿದ ಹಾಗೆ. ಇಂಜಿನ್ ಒಂದೇ ತಂದು ಹಳೇ 4 ಗೇರಿಗೆ ಪ್ಲೇಟು ಕಡೆಸಲು ಹೊರಟರೆ ಉಳಿಸಿದ ದುಡ್ಡು ಲೇತಿಗೆ ಹೋಗುತ್ತದೆ. ಸೆಟ್ ಸಿಕ್ಕರೂ ಮೌಂಟಿಂಗು, ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಜಾಯಿಂಟ್ ಶಾಫ್ಟಿನ ಉದ್ದ, ನೆಲದ ಮೇಲೆ ಲಿವರಿಗೆ ಜಾಗ, ಸ್ಪೀಡೋಮೀಟರ್ ಕೇಬಲ್, ಇಷ್ಟು ಕೆಲಸ ಇದ್ದೇ ಇದೆ.

5ನೇ ಗೇರಿನಿಂದ ಎಷ್ಟು ಲಾಭ ಅಂತ ಮೊದಲೇ ಲೆಕ್ಕ ಹಾಕಿಕೊಳ್ಳಿ. ಚಕ್ರ ಒಂದು ಸುತ್ತಿಗೆ 2 ಮೀಟರ್ ಹೋಗುತ್ತದೆ ಅನ್ನಿ. ಗಂಟೆಗೆ 80 ಕಿ.ಮೀ ಅಂದರೆ ನಿಮಿಷಕ್ಕೆ ಸುಮಾರು 667 ಸುತ್ತು. ಹಿಂದಿನ ಆಕ್ಸಲ್ ಅನುಪಾತ 4.55 ಇದ್ದರೆ, ಹಳೇ ಬಾಕ್ಸಿನ ಟಾಪ್ ಆದ 4ನೇ ಗೇರಿನಲ್ಲಿ (ಅನುಪಾತ 1) ಇಂಜಿನ್ ನಿಮಿಷಕ್ಕೆ 3030 ಆಸುಪಾಸು ತಿರುಗುತ್ತದೆ. 5ನೇ ಗೇರು 0.8 ಅನುಪಾತದ್ದಾದರೆ ಅದೇ ವೇಗಕ್ಕೆ 2430 ಸಾಕು. ಹೊಸಪೇಟೆ ರಸ್ತೆಯಂಥ ಬಯಲಿನಲ್ಲಿ ಇದು ಹಿತವಾಗಿರುತ್ತದೆ. ಆದರೆ ಆ 2430ರಲ್ಲಿ ನಿಮ್ಮ ಇಂಜಿನ್ನಿಗೆ ನಾಲ್ಕು ಜನರನ್ನು ಎದುರುಗಾಳಿಯಲ್ಲಿ ಎಳೆಯುವ ತಾಕತ್ತು ಇರಬೇಕು. ಹಳೇ 1489ಕ್ಕೆ ಅದು ಕಷ್ಟ. ನನ್ನ ಅಭಿಪ್ರಾಯ ಕೇಳಿದರೆ, ಹಳೇ ಇಂಜಿನ್ ಉಳಿಸಿಕೊಂಡವರು ಹಳೇ 4 ಗೇರನ್ನೇ ಉಳಿಸಿಕೊಳ್ಳಲಿ.

ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಕೂರಿಸಿದ್ದಾರೆ. ಸ್ಪೀಡೇ ಬರುತ್ತಿಲ್ಲ, ಇಂಜಿನ್ ಅರಚುತ್ತೆ.

ಇಂಜಿನ್ ಸರಿ ಇದೆ, ಹಲ್ಲಿನ ಲೆಕ್ಕ ತಪ್ಪಿದೆ. ಡೀಸೆಲ್ ಇಂಜಿನ್ ಕಡಿಮೆ ಆರ್‌ಪಿಎಮ್‌ನಲ್ಲೇ ಎಳೆಯುತ್ತದೆ, ಮೇಲಕ್ಕೆ ಹೋಗಲು ವೇಗಕ್ಕೆ ಮಿತಿ ಹಾಕುವ ಗವರ್ನರ್ ಬಿಡುವುದಿಲ್ಲ. ಪೆಟ್ರೋಲಿಗೆ ಅಂತ ಇಟ್ಟ ಆಕ್ಸಲ್ ಅನುಪಾತದಲ್ಲಿ ಅದರ ಓಟ ಬೇಗ ಮುಗಿಯುತ್ತದೆ. ಹೊಂದುವ ಕ್ರೌನ್ ಪಿನಿಯನ್ (ಆಕ್ಸಲಿನೊಳಗಿನ ಗೇರ್ ಜೋಡಿ) ಸೆಟ್ ಸಿಕ್ಕರೆ ಬದಲಿಸಿ. ಜೀಪಿಗೆ ಮುಂದಿನ ಆಕ್ಸಲೂ ಇರುವುದರಿಂದ ಎರಡನ್ನೂ ಒಂದೇ ಅನುಪಾತಕ್ಕೆ ಬದಲಿಸಬೇಕು. ಹಿಂದಿನದನ್ನು ಮಾತ್ರ ಬದಲಿಸಿ ಫೋರ್ ವೀಲ್ ಹಾಕಿದರೆ ಎಲ್ಲಾದರೂ ಮುರಿಯುತ್ತದೆ.

ಇಂಜಿನ್ ಕೂರಿಸಿದ ಮೇಲೆ ಸ್ಟೇರಿಂಗ್ ಹತ್ತಿರದ ಗೇರ್ ಲಿವರ್ ಸರಿಯಾಗಿ ಬೀಳುತ್ತಿಲ್ಲ. ಬಾಕ್ಸ್ ಬಿಚ್ಚಬೇಕಾ?

ಬೇಡ, ತಡೀರಿ. ಪದ್ಮಿನಿ, ಹಳೇ ಅಂಬಾಸಿಡರುಗಳಲ್ಲಿ ಲಿವರಿನಿಂದ ಬಾಕ್ಸಿಗೆ ರಾಡುಗಳಿವೆ. ಲಿವರ್ ಬಾಡಿಯ ಕಡೆಗಿದೆ, ಬಾಕ್ಸ್ ಇಂಜಿನ್ನಿನ ಜೊತೆಗಿದೆ. ಹೊಸ ಮೌಂಟಿಂಗ್ ರಬ್ಬರ್ ಹಾಕಿದಾಗ ಇಂಜಿನ್ ಮೊದಲಿಗಿಂತ ಮೇಲೆ ಕೂರುತ್ತದೆ, ರಾಡಿನ ಅಳತೆ ತಪ್ಪುತ್ತದೆ. ಬಾಕ್ಸನ್ನು ನ್ಯೂಟ್ರಲ್‌ನಲ್ಲಿಟ್ಟು ರಾಡ್ ಹೊಂದಿಸಿ, ಸವೆದ ಬುಷ್ ಬದಲಿಸಿ. ಹೆಚ್ಚಿನ ಗಾಡಿಗಳಲ್ಲಿ ಅಷ್ಟಕ್ಕೇ ಸರಿಹೋಗುತ್ತದೆ.

ಈ ಹಳೇ ಬಾಕ್ಸುಗಳಲ್ಲಿ ಮೊದಲನೇ ಗೇರಿಗೆ ಸಿಂಕ್ರೋ ಇಲ್ಲ ಅನ್ನುವುದೂ ನೆನಪಿರಲಿ. ಓಡುತ್ತಿರುವಾಗ ಒಂದಕ್ಕೆ ಹಾಕಿ ಕರಕರ ಅಂದರೆ ಅದು ದೋಷ ಅಲ್ಲ.

ಶಬ್ದ ಬರುತ್ತಿದೆ. ಎಲ್ಲಿಂದ ಅಂತ ಹೇಗೆ ಗೊತ್ತಾಗುತ್ತೆ?

ಗಾಡಿ ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟು, ಎಡಗಾಲಿನಿಂದಲೇ ಹುಡುಕಬಹುದು. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ಶಬ್ದ ಇದ್ದು, ತುಳಿದ ಕೂಡಲೇ ನಿಂತರೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ನೋಡಿಸಿ. ತುಳಿದಾಗ ಮಾತ್ರ ಬಂದರೆ ಪ್ರೆಷರ್ ಪ್ಲೇಟನ್ನು ಒತ್ತುವ ರಿಲೀಸ್ ಬೇರಿಂಗ್. ತುಳಿದು ಗೇರ್ ಹಾಕಿ ನಿಂತಾಗ ಮಾತ್ರ ಕಿರ್ ಅಂದರೆ ಪೈಲಟ್ ಬುಷ್.

ಶಬ್ದ ಓಡುವಾಗ ಮಾತ್ರ, ವೇಗದ ಜೊತೆ ನಡುಕವೂ ಹೆಚ್ಚುತ್ತಾ ಹೋದರೆ ಜಾಯಿಂಟ್ ಶಾಫ್ಟಿನ ಕ್ರಾಸುಗಳನ್ನು ನೋಡಿ. ಗೇರ್‌ಬಾಕ್ಸ್ ಹಿಂಭಾಗದ ಕೋನ, ಡಿಫ್ (ಹಿಂದಿನ ಆಕ್ಸಲಿನ ಗೇರ್ ಡಬ್ಬ) ಮುಂಭಾಗದ ಕೋನ ಎರಡೂ ಸಮ ಇರಬೇಕು. ಬೇರೆ ಇಂಜಿನ್ ಕೂರಿಸಿದವರು ಗೇರ್‌ಬಾಕ್ಸಿನ ಹಿಂಭಾಗವನ್ನು ಸಿಕ್ಕ ಎತ್ತರಕ್ಕೆ ಕಟ್ಟಿಬಿಡುತ್ತಾರೆ, ತೊಂದರೆ ಅಲ್ಲಿಂದ ಬರುತ್ತದೆ.

ನಮ್ಮ ಕಡೆಯ ಅದಿರು ದೂಳಿಗೆ ಏನು ಮಾಡಬೇಕು?

ಸಂಡೂರು, ತೋರಣಗಲ್ಲು ಸುತ್ತಮುತ್ತ ಓಡುವ ಗಾಡಿಗೆ ಈ ಪ್ರಶ್ನೆ ತುಂಬಾ ಮುಖ್ಯ. ಕೆಂಪು ದೂಳು ಕಬ್ಬಿಣದ ಅದಿರಿನದ್ದು, ಸಾಣೆಯ ಪುಡಿಯ ಹಾಗೆ ಉಜ್ಜುತ್ತದೆ. ಹೌಸಿಂಗಿನ ಕೆಳಗಿನ ತಗಡಿನ ಮುಚ್ಚಳ, ಕ್ಲಚ್ ಫೋರ್ಕ್ ಹೊರಬರುವ ಜಾಗದ ರಬ್ಬರು, ಇವೆರಡನ್ನೂ ಗ್ಯಾರೇಜುಗಳಲ್ಲಿ ಬಿಚ್ಚಿ ಮೂಲೆಗೆ ಹಾಕುವುದು ಜಾಸ್ತಿ. ಹುಡುಕಿಸಿ ಮತ್ತೆ ಹಾಕಿಸಿ.

ಅಂಬಾಸಿಡರಿನಂಥ ಗಾಡಿಯ ಹೌಸಿಂಗಿನ ಅಡಿಯಲ್ಲಿ ಒಂದು ಸಣ್ಣ ತೂತು, ಅದರಲ್ಲಿ ಸಡಿಲವಾಗಿ ಅಲ್ಲಾಡುವ ಸ್ಪ್ಲಿಟ್ ಪಿನ್ ಇರುತ್ತದೆ. ಇಂಜಿನ್ನಿನ ಹಿಂಬದಿಯಿಂದ ಜಿನುಗುವ ಆಯಿಲ್ ಕ್ಲಚ್ಚಿಗೆ ಹೋಗದೆ ಕೆಳಗೆ ಬೀಳಲಿ ಅಂತ ಆ ತೂತು ಇಟ್ಟಿದ್ದಾರೆ. ಪಿನ್ ಅಲ್ಲಾಡುವುದು ತೂತು ಕಟ್ಟದಿರಲಿ ಅಂತ. ನಮ್ಮಲ್ಲಿ ಆಯಿಲೂ ದೂಳೂ ಸೇರಿ ಅಲ್ಲಿ ಗಟ್ಟಿ ಕೆಸರಾಗುತ್ತದೆ. ಗಾಡಿ ಸರ್ವಿಸಿಗೆ ಬಿಟ್ಟಾಗಲೆಲ್ಲ ಆ ಪಿನ್ ಆಡಿಸಿ ನೋಡಿ. ತೂತಿನಿಂದ ಆಯಿಲ್ ಬರುತ್ತೆ ಅಂತ ಎಂ-ಸೀಲ್ ಮೆತ್ತಿದ ಗಾಡಿಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ.

ಆಯಿಲ್ ತುಂಬಾ ಬರುತ್ತಿದ್ದರೆ ಮೊದಲು ಇಂಜಿನ್ನಿನ ಬ್ರೀದರ್ ಪೈಪು ಕಟ್ಟಿದೆಯಾ ನೋಡಿ. ಒಳಗಿನ ಗಾಳಿಗೆ ದಾರಿ ಇಲ್ಲದಿದ್ದರೆ ಅದು ಆಯಿಲನ್ನು ಹಿಂಬದಿಯಿಂದ ತಳ್ಳುತ್ತದೆ.

ರನ್ನಿಂಗ್-ಇನ್ (ಹೊಸದಾಗಿ ಕಟ್ಟಿದ ಇಂಜಿನ್ ಪಳಗುವ) ಸಮಯದಲ್ಲಿ ಗೇರ್ ಹೇಗೆ ಬಳಸಬೇಕು?

ನಿಧಾನ ಓಡಿಸಿ ಅಂದರೆ ಜನ ಟಾಪ್ ಗೇರಿನಲ್ಲಿ 30ರಲ್ಲಿ ಎಳೆಸುತ್ತಾರೆ. ಹೊಸ ಪಿಸ್ಟನ್, ಬೇರಿಂಗಿಗೆ ಅದು ವೇಗಕ್ಕಿಂತ ಕೆಟ್ಟದ್ದು. ಒಂದು ಗೇರ್ ಕಡಿಮೆ ಇಟ್ಟು ಇಂಜಿನ್ ಹಗುರವಾಗಿ ತಿರುಗಲಿ. ಒಂದೇ ವೇಗದಲ್ಲಿ ಬಹಳ ಹೊತ್ತು ಇಡಬೇಡಿ, ಏರಿಸಿ ಇಳಿಸುತ್ತಿರಿ. ಮೊದಲ 500 ಕಿ.ಮೀ ಆದಾಗ ಆಯಿಲ್ ಬದಲಿಸಿ, ಹೆಡ್ ಬೋಲ್ಟು, ಹೌಸಿಂಗ್ ಬೋಲ್ಟು ಮತ್ತೆ ಬಿಗಿದು ನೋಡಿ.

ಬಳ್ಳಾರಿಯ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಬೇಗ ಹೊರಡಿ. ಮೊದಲ ಓಟಕ್ಕೆ ಸಿರುಗುಪ್ಪ ಕಡೆಯ ಬಯಲು ರಸ್ತೆ ಒಳ್ಳೆಯದು. ಸಂಡೂರು ಏರನ್ನು 500 ಕಿ.ಮೀ ಆದ ಮೇಲೆ ಇಟ್ಟುಕೊಳ್ಳಿ. ಅದಿರು ಲಾರಿಗಳ ಸಾಲಿನಲ್ಲಿ ಸಿಕ್ಕಿ ಅರ್ಧ ಕ್ಲಚ್ಚಿನಲ್ಲಿ ತೆವಳಿದರೆ ಹೊಸ ಕ್ಲಚ್ ಪ್ಲೇಟು ಅಲ್ಲೇ ಸುಟ್ಟು ವಾಸನೆ ಬರುತ್ತದೆ.

ಗೇರ್‌ಬಾಕ್ಸಿಗೆ ಯಾವ ಆಯಿಲ್?

ಗಾಡಿಯ ಪುಸ್ತಕದಲ್ಲಿ ಹೇಳಿದ ದಪ್ಪದ್ದು. ಡಬ್ಬಿಯ ಮೇಲೆ ಜಿಎಲ್-4 ಅಂತ ಇರಲಿ, ಅದು ಗೇರ್ ಆಯಿಲಿನ ದರ್ಜೆ. ಜಿಎಲ್-5 ಡಿಫ್‌ಗೆ ಒಳ್ಳೆಯದು, ಆದರೆ ಅದರಲ್ಲಿ ಗಂಧಕದ ಅಂಶ ಹೆಚ್ಚು. ಕೆಲವು ಜಿಎಲ್-5 ಆಯಿಲುಗಳು ಹಳೇ ಹಿತ್ತಾಳೆ ಸಿಂಕ್ರೋ ರಿಂಗನ್ನು ತಿನ್ನುತ್ತವೆ.

ಇಂಜಿನ್ ಬದಲಿಸಿದರೆ ಆರ್‌ಟಿಓದಲ್ಲಿ ತೊಂದರೆ ಆಗುತ್ತಾ?

ಅದೇ ಇಂಜಿನ್ ರೀಬೋರ್ ಮಾಡಿಸಿದರೆ ಏನೂ ಇಲ್ಲ, ನಂಬರ್ ಅದೇ ಇರುತ್ತದೆ. ಬೇರೆ ಇಂಜಿನ್ ಹಾಕುವುದಾದರೆ ಮೊದಲೇ ಅನುಮತಿ ತೆಗೆದುಕೊಂಡು ಹೊಸ ನಂಬರನ್ನು ಆರ್‌ಸಿಯಲ್ಲಿ ಬರೆಸಬೇಕು. ಗುಜರಿಯಿಂದ ತಂದ ಇಂಜಿನ್ನಿಗೆ ಬಿಲ್ಲು, ಹಳೇ ಗಾಡಿಯ ಕಾಗದ ಕೇಳಿ ಪಡೆಯಿರಿ. ಕಾಗದ ಇಲ್ಲದ ಇಂಜಿನ್ ಎಷ್ಟೇ ಅಗ್ಗವಾದರೂ ಬೇಡ.

ಗಾಡಿ ಮೊದಲು ನೋಂದಣಿಯಾಗಿ 50 ವರ್ಷ ದಾಟಿದ್ದರೆ ಇನ್ನೊಂದು ಯೋಚನೆ ಮಾಡಿ. 2021ರ ಕೇಂದ್ರದ ನಿಯಮದಲ್ಲಿ ಅಂಥ ಗಾಡಿಗೆ ವಿಂಟೇಜ್ ನೋಂದಣಿ ಇದೆ, ನಂಬರಿನಲ್ಲಿ ವಿಎ ಅಂತ ಬರುತ್ತದೆ. ಆ ನಿಯಮದಲ್ಲಿ ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ಅಂತ ಇಟ್ಟರು, ಅವಧಿ 10 ವರ್ಷ. ದಿನದ ಓಡಾಟಕ್ಕೆ, ಬಾಡಿಗೆಗೆ ಬಳಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿಗೆ ಒಯ್ಯುವುದು, ಇಂಥದ್ದಕ್ಕೆ ಮಾತ್ರ. ಗಾಡಿ ಮೂಲರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಇಂಜಿನ್ ದೊಡ್ಡದಾಗಿ ಬದಲಾಗಿರಬಾರದು. 1970ರ ಆಸುಪಾಸಿನ ಅಂಬಾಸಿಡರಿಗೆ ಐಸುಜು ಕೂರಿಸಿದರೆ ಈ ದಾರಿ ಮುಚ್ಚಿದ ಹಾಗೆಯೇ. ಆದ್ದರಿಂದ ಇಂಜಿನ್ ಬಿಚ್ಚಿಸುವ ಮೊದಲೇ ಯಾವ ದಾರಿ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಿ, ಹಳೇ ಬ್ಲಾಕನ್ನು ಮಾತ್ರ ಗುಜರಿಗೆ ಕೊಡಬೇಡಿ.